ರಿಯೋನಿ, ಸೆಕೆಂಡಿಗೆ ಐದು

ಗೋಡೆ ಕೊರೆದು ಒಳಗೆ ಬಂತು ಗಾಜಿನ ಎಳೆ,
ಕೂದಲಷ್ಟು ತೆಳ್ಳಗೆ, ಹಳದಿ ಅಂಗಿ ತೊಟ್ಟು.
ಕುಟಾಯಿಸಿಯ ಜಲಮಾಪನ ಕಚೇರಿಯಲ್ಲಿ
ಅಂದು ಎಲ್ಲರಿಗೂ ಒಂದೊಂದು ತುಂಡು ಖಾಚಾಪುರಿ.
ತ್ಬಿಲಿಸಿಯಿಂದ ಸಾಹೇಬರ ಫೋನು:
"ಸೆಕೆಂಡಿಗೆ ಸಾವಿರ ಕೊಟ್ಟಿದ್ದೇವೆ.
ನಿಮ್ಮ ಹಳೇ ಡಿಸ್ಕು ಒಂಬತ್ತು ಸಾವಿರ.
ಅಂದರೆ ಒಂಬತ್ತೇ ಸೆಕೆಂಡು.
ನನ್ನ ಚಹಾ ಆರುವ ಮೊದಲು ಕಳಿಸಿ."

ಮಾಲ್ಖಾಜ್ ರಿಸೀವರಿನ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ.
ಸಾವಿರ ನಿಜ, ಆದರೆ ಅದು ಬಿಟ್ಟು.
ಡಿಸ್ಕು ಅಳೆಯುವುದು ಬೈಟಿನಲ್ಲಿ.
ಅಕ್ಕಿ ಕಾಳೆಣಿಸಿ ಸೇರಿನ ಬೆಲೆ ಕಟ್ಟುವ ಅಂಗಡಿಯವನ ಲೆಕ್ಕ ಇದು.
ಇಂಗ್ಲಿಷಿನಲ್ಲಿ ಒಂದಕ್ಕೆ ಚಿಕ್ಕ ಬಿ, ಒಂದಕ್ಕೆ ದೊಡ್ಡ ಬಿ,
ಒಂದು ಹೊಟ್ಟೆ ಹೆಚ್ಚು, ಅಷ್ಟೇ ಗುರುತು.
ಅವರ ಲಿಪಿಯೂ ನಮ್ಮದರಂತೆ, ದುಂಡಗೆ,
ಚಿಕ್ಕಕ್ಷರ ದೊಡ್ಡಕ್ಷರದ ಭೇದ ಅರಿಯದ್ದು.
ಎಂಟು ಪಟ್ಟಿನ ತಪ್ಪೊಂದು ಅದರೊಳಗೆ
ಕಾಲು ಚಾಚಿ ಕೂತಿದ್ದರೂ
ಯಾರ ಕಣ್ಣಿಗೂ ಬೀಳಲಿಲ್ಲ.

ಎಂಟರಿಂದ ಭಾಗಿಸಿದ. ನೂರಾ ಇಪ್ಪತ್ತೈದು.
"ಎಪ್ಪತ್ತೆರಡು ಸೆಕೆಂಡು, ಸಾಹೇಬರೇ."
ಆ ನುಡಿಯಲ್ಲಿ ಎಪ್ಪತ್ತಕ್ಕೆ ತನ್ನದೇ ಹೆಸರಿಲ್ಲ;
ಮೂರು ಇಪ್ಪತ್ತು, ಮೇಲೊಂದು ಹನ್ನೆರಡು ಅನ್ನುತ್ತಾರೆ,
ಸಂತೆಯಲ್ಲಿ ಸೊಪ್ಪಿನ ಕಟ್ಟು ಜೋಡಿಸಿಟ್ಟಂತೆ.

ಕಿಟಕಿಯ ಬಳಿ ಇಜೋಲ್ದಾ.
ನಿವೃತ್ತಿಯಾಗಿ ಆರು ವರ್ಷ. ಈ ಡಿಸ್ಕಿಗಾಗಿ ಕರೆಸಿದ್ದರು.
"ಹೊಳೆ ಎಷ್ಟೇ ತುಂಬಿರಲಿ ಮಗಾ,
ತೂಬು ಬಿಟ್ಟಷ್ಟೇ ಗದ್ದೆಗೆ.
ಆ ಸ್ಕಝಿ ಕಾರ್ಡಿನ ಗಂಟಲು ಸೆಕೆಂಡಿಗೆ ಐದು.
ನಿನ್ನ ಗಾಜಿನ ಭಾಷೆಯಲ್ಲಿ ಹೇಳಲೇ? ನಲವತ್ತು.
ಸಾವಿರದಲ್ಲಿ ನಲವತ್ತು.
ಅರ್ಧ ಗಂಟೆ ಬೇಕು,
ಅದೂ ಅದರ ಮನಸ್ಸು ನೆಟ್ಟಗಿದ್ದರೆ."

ನೆಟ್ಟಗಿರಲಿಲ್ಲ.
ಡಿಸ್ಕು ತಿರುಗಿತು, ಗೊರ ಗೊರ ಎಂದಿತು,
ತಾನು ಯಾರೆಂದು ಮಾತ್ರ ಹೇಳಲಿಲ್ಲ.
ಮಾಲ್ಖಾಜ್ ಕೇಬಲ್ಲು ಕಿತ್ತ, ಊದಿದ, ಮತ್ತೆ ಚುಚ್ಚಿದ.
ಇಜೋಲ್ದಾ ಕೈಚೀಲದ ತಳ ತಡಕಿದಳು.
ಗುಂಡಿ, ಔಷಧಿ ಚೀಟಿ, ಒಂಟಿ ಕಿವಿಯೋಲೆ,
ಕೊನೆಗೆ ಹೆಬ್ಬೆರಳಷ್ಟು ಕಪ್ಪು ಮುಚ್ಚಳ.
"ಸರಪಳಿಯ ತುದಿಗೆ ಇದು ಬೇಕು.
ಇಲ್ಲದಿದ್ದರೆ ಆಡಿದ ಮಾತು ತುದಿಗೆ ಬಡಿದು
ಆಡಿದವರ ಮೇಲೇ ಬರುತ್ತದೆ."
ಆರು ವರ್ಷ ಯಾಕೆ ಹೊತ್ತು ತಿರುಗಿದಳು,
ಅವನು ಕೇಳಲಿಲ್ಲ.

ಬರತೊಡಗಿತು ರಿಯೋನಿ, ಹಾಳೆ ಹಾಳೆಯಾಗಿ.
ಉರುಳೆಗೆ ಸುತ್ತಿದ ಕಾಗದದ ಮೇಲೆ
ನೀರು ಏರಿದರೆ ಏರುವ, ಇಳಿದರೆ ಇಳಿಯುವ ಪೆನ್ನಿನ ಗೆರೆ.
ಅವನ್ನೆಲ್ಲ ಡಿಸ್ಕಿಗೆ ಇಳಿಸಿದ ಆ ಚಳಿಗಾಲಗಳಲ್ಲಿ
ಕರೆಂಟು ಬಂದಾಗಲೇ ಹಗಲು.
ರಾತ್ರಿ ಎರಡಕ್ಕೆ ಬೀದಿದೀಪ ಹತ್ತಿತೆಂದರೆ
ಕೋಟಿನ ಮೇಲೆ ಕೋಟು ಹಾಕಿ ಓಡಿ ಬರುತ್ತಿದ್ದಳು,
ಸ್ಕ್ಯಾನರು ಬಿಸಿಯಾಗುವವರೆಗೆ ಸೀಮೆಎಣ್ಣೆ ಒಲೆಗೆ ಕೈ ಕಾಸುತ್ತ.
ಆಗಿನ ವೇಗ: ದಿನಕ್ಕೆ ಹನ್ನೊಂದು ಹಾಳೆ.
ಕೆಲವು ದಿನ ಸೊನ್ನೆ.

ಇಪ್ಪತ್ತೆರಡನೇ ನಿಮಿಷಕ್ಕೆ ಡಿಸ್ಕು ತಡವರಿಸಿತು.
ಒಂದೇ ಹಾಳೆಯನ್ನು ಓದಿತು, ಬಿಟ್ಟಿತು, ಮತ್ತೆ ಓದಿತು,
ಪಾಠ ಮರೆತ ಹುಡುಗ
ಮೊದಲ ಸಾಲನ್ನೇ ಹೇಳುತ್ತ ನಿಂತಂತೆ.
ಸೆಕೆಂಡಿಗೆ ಐದಲ್ಲ, ಒಂದಲ್ಲ, ಅರ್ಧವೂ ಅಲ್ಲ.
ಸಾವಿರ ಹೊರಬಲ್ಲ ಎಳೆ ಸುಮ್ಮನೆ ಮಿನುಗುತ್ತ ಕಾಯಿತು.

ಮುಕ್ಕಾಲು ಗಂಟೆ ಕಳೆದು ತೆರೆಯ ಮೇಲೆ ಬಿದ್ದ ಹಾಳೆಯಲ್ಲಿ
ಗೆರೆ ಏರಿ, ಏರಿ, ಕಾಗದದ ಅಂಚು ದಾಟಿ ಹೋಗಿತ್ತು.
ಆಮೇಲೆ ಬರೀ ಬಿಳುಪು.
ಆ ಬಿಳುಪಿನಲ್ಲಿ ಪೆನ್ಸಿಲಿನ ಹದಿನಾಲ್ಕು ಅಂಕಿ,
ಕೆಳಗೆ ದುಂಡಗಿನ ಅಕ್ಷರ:
*ಇಲ್ಲಿಂದ ಮುಂದೆ ಹಗ್ಗದಲ್ಲಿ ಅಳೆದದ್ದು. ಇ.*

"ಹಗ್ಗ ಯಾರು ಹಿಡಿದಿದ್ದರು?" ಎಂದ ಮಾಲ್ಖಾಜ್.
"ಒಂದು ತುದಿ ನಾನು," ಎಂದಳು.
ಇನ್ನೊಂದು ತುದಿಯ ಮಾತು ಬರುವಷ್ಟರಲ್ಲಿ
ಫೋನು ಬಡಿದುಕೊಂಡಿತು.

ಅವಳೇ ಎತ್ತಿದಳು.
"ಬರುತ್ತಿದೆ ಸಾಹೇಬರೇ.
ಚಹಾ ಇನ್ನೊಂದು ಸಲ ಕಾಯಿಸಿಕೊಳ್ಳಿ."