ಒಂಟಿಕಾಲಿನ ಮಣೆ

ಹೋದವರ ಹೆಸರೆಲ್ಲ ಬರೆದುಕೊಂಡೆಯಾ, ಗುಮಾಸ್ತಪ್ಪ?
ಬೂತ್ವಿದ್, ಅವನ ತಮ್ಮ ಸಿಗ್ಗೆ, ಗಣಿಕೇರಿಯ ಇಬ್ಬರು ಅಳಿಯಂದಿರು,
ಬಿಲ್ಲು ಹಿಡಿದವರು, ಕೊಡಲಿ ಹಿಡಿದವರು.
ಸರಿ. ಮಸಿ ಉಳಿದಿದ್ದರೆ ಕೂತುಕೋ.
ನನ್ನದೊಂದು ಇದ್ದಿಲಿನ ಲೆಕ್ಕವಿದೆ.

ಆ ಬೇಸಗೆ, ಗೂಡು ಹೊತ್ತಿಸಿ ಹನ್ನೊಂದು ದಿನ.
ದಿಮ್ಮಿ ನಿಲ್ಲಿಸಿ, ಮೇಲೆ ಸೊಪ್ಪು, ಸೊಪ್ಪಿನ ಮೇಲೆ ಮಣ್ಣು.
ಒಳಗೆ ಬೇಯಬೇಕು, ಉರಿಯಬಾರದು.
ಮಣ್ಣು ಬಿರಿದರೆ ಮೆತ್ತು, ಹೊಗೆ ಬೆಳ್ಳಗಿದ್ದರೆ ಕಾದಿರು,
ನೀಲಿಗೆ ತಿರುಗಿತೋ, ದೇವರಿಗೆ ಕೈಮುಗಿ.
ಕೂರುವುದಕ್ಕೆ ಒಂಟಿಕಾಲಿನ ಮಣೆ:
ಕಣ್ಣು ಮುಚ್ಚಿದೆಯೋ, ನೆಲಕ್ಕೆ ಬಿದ್ದೆ.
ನನ್ನ ಮೊಣಕೈ ನೋಡು,
ಮೂವತ್ತು ವರ್ಷದ ನಿದ್ದೆಯೆಲ್ಲ ಅಲ್ಲಿದೆ.

ಆ ವರ್ಷ ಉಪ್ಪಿರಲಿಲ್ಲ.
ಕಡಲಾಚೆಯ ದೊರೆ ಯಾರ ಜೊತೆಗೋ ಜಗಳ ತೆಗೆದ,
ಹಡಗುಗಳು ನಿಂತವು.
ನಮ್ಮ ಕಬ್ಬಿಣ ಕೊಟ್ಟಿಗೆಯಲ್ಲಿ ತುಕ್ಕು ಹಿಡಿದು ಕೂತಿತು,
ಮೀನು ಪೀಪಾಯಿಯಲ್ಲೇ ನಾರಿತು.
ದೊರೆಯ ಅಧಿಕಾರಿ ಮಾತ್ರ ತಪ್ಪದೆ ಬಂದ.
ದುಡ್ಡೇ ಬೇಕು; ಬೆಣ್ಣೆ ಬೇಡ, ತೊಗಲು ಬೇಡ.
ಕೊಡಲಾರದ ಊಲ್ವ್‌ನನ್ನು ಹೊಗೆಯಲ್ಲಿ ತೂಗುಹಾಕಿದ.
ಹುಟ್ಟಿದಂದಿನಿಂದ ಹೊಗೆ ಕುಡಿದು ಬೆಳೆದವನನ್ನು
ಹೊಗೆಯಲ್ಲೇ ಕೊಂದ.

ಮುಂದಿನ ಭಾನುವಾರ ಪಾದ್ರಿ ಹೇಳಿದ:
ಉಪ್ಪು ತಿಂದ ಮನೆಗೆ ಎರಡು ಬಗೆಯಬಾರದು.
ಹಿಂದಿನ ಸಾಲಿನಿಂದ ಗುನ್ನೂರಜ್ಜಿ ಕೇಳಿದಳು:
"ಯಾವ ಉಪ್ಪು?"
ಇಡೀ ಚರ್ಚು ಕೆಮ್ಮಿತು.
ದಂಗೆ ಶುರುವಾದದ್ದು ಆ ಕೆಮ್ಮಿನಿಂದ ಅಂತ ನನ್ನ ಲೆಕ್ಕ.
ನೀನು ಬೇರೇನೋ ಬರೆದಿರಬಹುದು.

ನಡುಬೇಸಗೆಯ ರಾತ್ರಿ, ರಾತ್ರಿಯೆಂಬುದು ಬರೀ ಮಾತಿಗೆ,
ಹುಡುಗನೊಬ್ಬ ಓಡಿಬಂದು ಕೋಲೊಂದು ಕೊಟ್ಟ.
ಒಂದು ತುದಿ ಸುಟ್ಟಿತ್ತು, ಇನ್ನೊಂದಕ್ಕೆ ಹಗ್ಗದ ಕುಣಿಕೆ.
ಅದನ್ನು ಓದಲು ಅಕ್ಷರ ಬೇಡ:
ಮುಂದಿನ ಮನೆಗೆ ಮುಟ್ಟಿಸದವರ ಮನೆಗೆ ಬೆಂಕಿ, ಕೊರಳಿಗೆ ನೇಣು.
ಬೂತ್ವಿದ್ ಕೊಡಲಿ ಹೊತ್ತು ಇಳಿದೇ ಹೋದ.
ಹೋಗುವಾಗ ತಿರುಗಿ ನೋಡಿದ, ನನ್ನನ್ನಲ್ಲ, ಗೂಡನ್ನು.
"ನೀಲಿ ಆಗುವವರೆಗೆ ಬಿಟ್ಟು ಏಳಬೇಡ" ಎಂದ.

ಕೋಲು ನನ್ನ ಕೈಯಲ್ಲೇ ಇತ್ತು.

ಮುಂದಿನ ಮನೆ ಗುನ್ನೂರಜ್ಜಿಯದು,
ಎರಡು ಹರದಾರಿ, ನಡುವೆ ಜೌಗು.
ಗೂಡು ಬಿಟ್ಟರೆ ಚಳಿಗಾಲದ ರೊಟ್ಟಿ ಹೋಯಿತು.
ಬಿಡದಿದ್ದರೆ ಏನು ಹೋಗುತ್ತದೆಂದು
ನನಗೆ ಸರಿಯಾಗಿ ಗೊತ್ತಿರಲಿಲ್ಲ.
ಅದಕ್ಕೇ ಸ್ವಲ್ಪ ಹೊತ್ತು ಮಣೆಯ ಮೇಲೆ ಕೂತಿದ್ದೆ,
ಆ ಕಡೆ ಬೀಳಲೋ, ಈ ಕಡೆ ಬೀಳಲೋ ಎಂದು.
ಆಮೇಲೆ ಎದ್ದೆ.

ಜೌಗಿನಲ್ಲಿ ಎಡಗಾಲಿನ ಕೆರ ಹೋಯಿತು.
ಬರೆದುಕೋ: ಕೆರ, ಒಂದು.
ಅಜ್ಜಿ ಬಾಗಿಲಲ್ಲೇ ನಿಂತಿದ್ದಳು, ನಿದ್ದೆ ಬಾರದವಳು.
"ಎಷ್ಟು ತಡವೇ!" ಎಂದು ಬೈದು ಕೋಲು ಕಸಿದುಕೊಂಡು
ಎಪ್ಪತ್ತು ದಾಟಿದ ಕಾಲುಗಳಲ್ಲಿ ಹೊರಟೇಬಿಟ್ಟಳು.

ಮರಳಿದಾಗ ಗೂಡು ಬಾಯಿ ಬಿಟ್ಟಿತ್ತು,
ಮರದೆತ್ತರದ ಉರಿ.
ಮಣ್ಣೆರಚಿದೆ, ನೀರೆರಚಿದೆ,
ಕೊನೆಗೆ ಸುಮ್ಮನೆ ನಿಂತು ಒದ್ದೆ ಕಾಲು ಕಾಯಿಸಿಕೊಂಡೆ.

ಮೂರನೆಯ ದಿನ ಬೂದಿ ಕೆದಕುವಾಗ
ಹೊಳೆಯಾಚೆ ಇನ್ನೊಂದು ಹೊಗೆ ಎದ್ದಿತು:
ಅಧಿಕಾರಿಯ ಮರದ ಕೋಟೆ.
ಎರಡು ಹೊಗೆಗಳೂ ಮುಗಿಲಲ್ಲಿ ಕೂಡಿಕೊಂಡವು ಅಂತ
ಕತೆ ಕಟ್ಟುವವರು ಹೇಳುತ್ತಾರೆ.
ಸುಳ್ಳು. ಗಾಳಿ ಆ ದಿನ ಬೇರೆ ಕಡೆಗಿತ್ತು.

ಬೂದಿಯಡಿ ಒಂದೇ ಬುಟ್ಟಿ ಇದ್ದಿಲು.
ಒಂದಕ್ಕೊಂದು ತಟ್ಟಿದೆ, ಟಣ್ಣೆಂದಿತು.
ಹದವಾಗಿ ಬೆಂದದ್ದು ಮಾತ್ರ ಹಾಗೆ ನುಡಿಯುತ್ತದೆ.

ಬೂತ್ವಿದ್ ಕೊಯ್ಲಿನ ಹೊತ್ತಿಗೆ ಕುಂಟುತ್ತ ಬಂದ.
ಗೂಡಿನ ಜಾಗ ನೋಡಿದ, ಏನೂ ಕೇಳಲಿಲ್ಲ.
ಕೋಟೆಯ ಉಗ್ರಾಣದಿಂದ ತಂದದ್ದು,
ಬಟ್ಟೆಯ ಮೂಲೆಯಲ್ಲಿ ಗಂಟು ಕಟ್ಟಿದ ಒಂದು ಹಿಡಿ ಉಪ್ಪು.
ಮೂರು ದಿನ ಅದನ್ನು ನಾವು ಮುಟ್ಟಲಿಲ್ಲ,
ಯಾರ ಋಣವೋ ಎಂದು.
ನಾಲ್ಕನೆಯ ದಿನ ಅರ್ಧ ಗಂಜಿಗೆ ಹಾಕಿದೆ,
ಇನ್ನರ್ಧ ಅಜ್ಜಿಗೆ ಕೊಟ್ಟುಬಂದೆ,
ಜೌಗು ಬಳಸಿಕೊಂಡು,
ಕಾಲಿಗೆ ಬೂತ್ವಿದನ ಕೆರ ಸಿಕ್ಕಿಸಿಕೊಂಡು.