ತೊಟ್ಟಿಯಲ್ಲಿ ಉಳಿದದ್ದು

ಒಣಗುವುದಲ್ಲ ಅದು.
ಎಷ್ಟು ಸಲ ಹೇಳಲಿ, ಮೇಸ್ತ್ರಿಗಳಿಗೆ, ಗುತ್ತಿಗೆದಾರರಿಗೆ,
ಬಾಗಿಲಲ್ಲಿ ಕೊಡೆ ಕೊಡವುತ್ತ ನಿಂತ
ಈ ಹೊಸ ಇಂಜಿನಿಯರ್ ಹುಡುಗನಿಗೂ:
‘ಇಂಥ ಮಳೆಗೆ ಕಾಂಕ್ರೀಟು ಒಣಗೋದು ಯಾವಾಗ ಮೇಡಂ?’
ಒಣಗುವುದಲ್ಲಪ್ಪ, ಕುಡಿಯುವುದು.
ಕುಡಿದು ಕುಡಿದು ಕಲ್ಲಾಗುವುದು.
ಒಣಗಿತೋ, ಬೆಳೆಯುವುದೂ ಅಲ್ಲಿಗೇ ನಿಂತಿತು.

ನನಗಿದನ್ನು ಕಲಿಸಿದವರು ಉತ್ತಯ್ಯ.
ವಿರಾಜಪೇಟೆಯ ಬಸ್ಸಿಳಿದು
ಪೊನ್ನಂಪೇಟೆಯ ಈ ಲ್ಯಾಬಿಗೆ ಬಂದ ಮೊದಲ ದಿನವೇ
‘ಫಿಲೋಮಿನಾ, ಕೈ ಹಾಕು’ ಎಂದರು, ತೊಟ್ಟಿ ತೋರಿಸಿ.
ನೀರಿನಡಿ ಸಾಲು ಸಾಲು ಕ್ಯೂಬು,
ಒಂದೊಂದು ಎಂಟು ಕಿಲೋ, ತಣ್ಣಗೆ,
ಬೆನ್ನ ಮೇಲೆ ಮೊಳೆಯಲ್ಲಿ ಗೀಚಿದ ಊರು:
ಬಾಳೆಲೆ ಕಾಲುಸಂಕ. ಶ್ರೀಮಂಗಲ ಶಾಲೆ. ಕುಟ್ಟದ ಮೋರಿ.
ಏಳನೆಯ ದಿನ ಮೂರು, ಇಪ್ಪತ್ತೆಂಟನೆಯ ದಿನ ಮೂರು.
ಒಡೆಯುವುದೇ ಕೆಲಸ.
ಎಷ್ಟಕ್ಕೆ ಒಡೆಯಿತು ಅಂತ ಬರೆಯುವುದು.
ಬೆರಳ ಸಂದು ಬಿರಿದರೆ ತೆಂಗಿನೆಣ್ಣೆ.

ಅವರಿಗೆ ಬೂದಿಯ ಹುಚ್ಚು.
ಲ್ಯಾಬಿನ ಹಿತ್ತಲಲ್ಲಿ ಹಳೆಯ ಡಾಂಬರು ಡ್ರಮ್ಮೇ ಒಲೆ.
ಮೊದಲು ಸುಟ್ಟದ್ದು ಕಾಫಿ ಸಿಪ್ಪೆ, ಊರಿಡೀ ಅದರದೇ ರಾಶಿಯಲ್ಲವೇ.
ಒಂಬತ್ತಕ್ಕೇ ಪುಡಿಪುಡಿ.
‘ಕುಡಿಯಲಿಕ್ಕೆ ಸರಿ ಇದು, ನಿಲ್ಲಿಸಲಿಕ್ಕಲ್ಲ’
ಎಂದು ನಕ್ಕು, ಮಿಲ್ಲಿನಿಂದ ಭತ್ತದ ಹೊಟ್ಟು ತಂದರು.
‘ಭತ್ತದ ಗರಿ ಕೈ ಕೊಯ್ಯುತ್ತದಲ್ಲ, ಯಾಕೆ ಹೇಳು?
ಮರಳಿದೆ ಅದರೊಳಗೆ. ಬೇರು ಕುಡಿದ ಮರಳು.’
ಬೆಂಕಿ ಸಾಲದಿದ್ದರೆ ಬೂದಿ ಕಪ್ಪು,
ಹೆಚ್ಚಾದರೆ ಹರಳುಗಟ್ಟಿ ಯಾರೊಡನೆಯೂ ಬೆರೆಯದು.
ನಡುವೆ ಎಲ್ಲೋ, ಮಳೆಗೂ ಹೊಗೆಗೂ ಬಯ್ಯುತ್ತ,
ನಾಲ್ಕು ತಿಂಗಳಿಗೆ
ಪಾರಿವಾಳದ ಎದೆಯ ಬಣ್ಣದ್ದೊಂದು ಬೂದಿ.

ಹತ್ತು ಪಾಲು ಸಿಮೆಂಟಿನಲ್ಲಿ ಒಂದು ಪಾಲು ತೆಗೆದು ಅದನ್ನಿಟ್ಟರು.
ಇಪ್ಪತ್ತೆಂಟನೆಯ ದಿನ: ಇಪ್ಪತ್ತೇಳು.
ಪಾಸು.
ವರದಿ ಮೇಲಕ್ಕೆ ಹೋಯಿತು. ಕೆಳಗೆ ಬರಲಿಲ್ಲ.

ಒಂದೇ ಒಂದು ಕ್ಯೂಬು ಒಡೆಯದೆ ಉಳಿಸಿದರು,
ಊರಿಲ್ಲ ಅದಕ್ಕೆ, ಬರಿಯ ತಾರೀಕು.
‘ನಾನಿರುವ ತನಕ ಮುಟ್ಟಬೇಡ.
ಇಪ್ಪತ್ತೆಂಟು ದಿನ ಎನ್ನುವುದು ನಮ್ಮ ಆತುರ, ಸಿಮೆಂಟಿನದ್ದಲ್ಲ.’

ಹದಿನಾಲ್ಕು ವರ್ಷ.
ತೊಟ್ಟಿ ತೊಳೆದಾಗೆಲ್ಲ ಅದನ್ನು ಮಗುವಿನ ಹಾಗೆ ಎತ್ತಿ
ಬಕೆಟ್ಟಿನಲ್ಲಿಟ್ಟು, ಹೊಸ ನೀರಿಗೆ ಇಳಿಸಿದ್ದೇನೆ.
ಹೊಸ ಮುಖ್ಯಸ್ಥರು ‘ಏನಿದು ಕಸ?’ ಎಂದಾಗ
‘ಆಡಿಟ್‌ನವರು ಇಡಲು ಹೇಳಿದ್ದಾರೆ ಸರ್’ ಎಂದೆ.
ಪಾಪನಿವೇದನೆಯಲ್ಲಿ ಫಾದರ್‌ಗೂ ಹೇಳದ ಸುಳ್ಳು.

ಶನಿವಾರ ಹುದಿಕೇರಿಗೆ ಹೋಗಿಬಂದೆ.
ಅಂಗಳದಲ್ಲಿ ನಾಲ್ವರು ಕುಳಿತು ದುಡಿ ಬಡಿಯುತ್ತ
ಅವರ ಹೆಸರು ಹಿಡಿದು ಹಾಡುತ್ತಿದ್ದರು.
ನನಗೆ ಅರ್ಧ ಅರ್ಥವಾಯಿತು.

ಸೋಮವಾರ. ಮೈ ಒರೆಸಿ, ತೂಗಿ,
ಯಂತ್ರದ ಎರಡು ಉಕ್ಕಿನ ಅಂಗೈ ನಡುವೆ ಇಟ್ಟೆ.
ಮುಳ್ಳು ಏರಿತು. ಇಪ್ಪತ್ತೇಳು ದಾಟಿತು.
ಮೂವತ್ತೈದು.
ಹುಡುಗ ಮೊಬೈಲು ಜೇಬಿಗಿಟ್ಟ.
ನಲವತ್ತು. ದುಬಾರೆಯ ಆನೆಗಳನ್ನು
ಒಂದರ ಮೇಲೊಂದು ನಿಲ್ಲಿಸಿದರೆ ಇಪ್ಪತ್ತು ದಾಟಿತ್ತು ಆಗಲೇ.
ನಲವತ್ತನಾಲ್ಕಕ್ಕೆ,
ಒಣ ಬಿದಿರು ಸಿಡಿದ ಸದ್ದು.

ಚೆನ್ನಾಗಿ ಕಲಸಿದ ಕ್ಯೂಬು ಚೆನ್ನಾಗಿಯೇ ಒಡೆಯುತ್ತದೆ:
ನಾಲ್ಕು ಪಕ್ಕ ಸಮನಾಗಿ ಉದುರಿ
ನಡು ಸಣ್ಣಗೆ ಉಳಿಯುತ್ತದೆ, ಎರಡು ತುದಿ ಅಗಲ.
ಸಾವಿರ ಸಲ ನೋಡಿದ್ದೇನೆ ಆ ಆಕಾರ.
ದುಡಿ ಅದು ಎಂದು ಇವತ್ತಿನವರೆಗೆ ತೋಚಿರಲಿಲ್ಲ.
ಚರ್ಮ ಬಿಗಿಯದ ದುಡಿ.

ಹುಡುಗ ಚೂರೊಂದನ್ನು ಹೆಬ್ಬೆರಳಿನಲ್ಲಿ ಉಜ್ಜಿದ.
‘ಒಳಗೆ ಇನ್ನೂ ತೇವ ಇದೆಯಲ್ಲ ಮೇಡಂ...’
ನಾನೇನೂ ಹೇಳಲಿಲ್ಲ.
ರಿಜಿಸ್ಟರಿನಲ್ಲಿ 44 ಎಂದು ಬರೆದು
ಕಾಮಗಾರಿಯ ಹೆಸರಿನ ಜಾಗ ಖಾಲಿ ಬಿಟ್ಟೆ.
ಐದೂಕಾಲರ ಬಸ್ಸಿಗೆ ಹೊತ್ತಾಗಿತ್ತು.
ನಾಳೆ ಬಿರುನಾಣಿಯ ಮೂರಿವೆ, ಏಳನೆಯ ದಿನದವು.