ಬಲೆ ಇದ್ದ ಗೆರೆ

ಮೀನಿಗೆ ಐಸು ತುಂಬುತ್ತಿದ್ದ ಥರ್ಮಾಕೋಲ್ ಪೆಟ್ಟಿಗೆ,
ಮೇಲೆ ನಲವತ್ತು ಕ್ಯಾಂಡಲ್ಲಿನ ಬಲ್ಬು.
ಅಡುಗೆಮನೆಯ ಮೂಲೆಯಲ್ಲಿ ಐದು ವಾರ
ಅದೇ ಅವಕ್ಕೆ ಸೂರ್ಯ.
ಕರೆಂಟು ಹೋದ ರಾತ್ರಿ ಬಿಸಿನೀರ ಬಾಟಲಿಗೆ
ಹಳೆಯ ರವಿಕೆ ಸುತ್ತಿ ನಡುವೆ ಇಟ್ಟೆ.
ಹನ್ನೊಂದೂ ಅದಕ್ಕೆ ಒತ್ತಿ ಮಲಗಿದವು,
ಬಾಟಲಿ ಉಸಿರಾಡುತ್ತದೋ ಎಂದು ಕಿವಿಗೊಟ್ಟ ಹಾಗೆ.

ಈಗ ರೆಕ್ಕೆಗೆ ಗರಿ ಬಂದಿದೆ.
ಅಕ್ಕಿ ಡಬ್ಬ, ಒಲೆಕಟ್ಟೆ, ಇವರ ಬನಿಯನ್ನು,
ಎಲ್ಲೆಂದರಲ್ಲಿ ಹಿಕ್ಕೆ.
"ಇನ್ನು ಹೊರಗೆ" ಎಂದರು ಇವರು, ಹೆಗಲು ಒರೆಸಿಕೊಳ್ಳುತ್ತ.

ಹೊರಗೆ ಎಂದರೆ ತೋಡೂರು ಕಾಲನಿಯ ನಮ್ಮ ಮೂರು ಗುಂಟೆ,
ಒಂದು ನುಗ್ಗೆ, ಒಂದು ನಲ್ಲಿ, ಮತ್ತು ಆರು ಹಿರಿಯರು.
ಹಿರಿಯರಿಗೆ ಹಿರಿಯಳು ಮೊಂಡಿ,
ಮುಂಗುಸಿಯ ಬಾಯಲ್ಲಿ ಬಾಲ ಬಿಟ್ಟು ಬಂದ ಹೇಂಟೆ.
ಅವಳು ಬಾಯಿ ಹಾಕದ ತಟ್ಟೆಗೆ ಹುಂಜವೂ ಬರುವುದಿಲ್ಲ.

ಬಿಸಿಲು ನೋಡಿ, ಗಾಳಿ ನೋಡಿ,
ಬುಟ್ಟಿ ಕವುಚಿ ಮೊದಲ ದಿನ ಒಂದು ತಾಸು.
ಮರಿಗಳಿಗೆ ಮಣ್ಣು ಗೊತ್ತಿರಲಿಲ್ಲ.
ಒಂದು ಕಾಲೆತ್ತಿ ನಿಂತೇ ಬಿಟ್ಟಿತು,
ಇನ್ನೊಂದನ್ನು ಎಲ್ಲಿಡುವುದೆಂದು.
ಮೇಲೆ ಗರುಡ ಒಂದು ಸುತ್ತು ಹಾಕಿತು.
ಹನ್ನೊಂದೂ ಕಲ್ಲಾದವು.
ಮೆಶಿನ್ನಿನಲ್ಲಿ ಒಡೆದ ಮೊಟ್ಟೆಗಳಿಗೆ
ನೆರಳಿನ ಪಾಠ ಮಾಡಿದವರು ಯಾರೋ.

ಆಮೇಲೆ ಅಂಗಳಕ್ಕೆ ಅಡ್ಡ ಬಲೆ.
ಅರಗಾದ ದಂಡೆಯಲ್ಲಿ ಮಾವ ಎಳೆದ ರಂಪಣಿಯ ತುಂಡು,
ದಂಡೆ ನೌಕಾನೆಲೆಗೆ ಹೋದ ಮೇಲೆ
ಅಟ್ಟದಲ್ಲಿ ಇಲಿಗಳಿಗೆ ಹಾಸಿಗೆಯಾಗಿದ್ದದ್ದು.
ಕೊಡವಿದರೆ ಈಗಲೂ ಉದುರಿತು ಒಂದು ಹಿಡಿ ಮರಳು,
ತಾರ್ಲೆಯ ಒಂದು ಒಣ ಪರೆ.

ಆಚೆ ಹಿರಿಯರು, ಈಚೆ ಮರಿಗಳು.
ನೋಡಬಹುದು, ಕುಕ್ಕಲಾಗದು.
"ಎಂಟ್ ದಿನ ಮೋರೆ ನೋಡ್ಕಳ್ಲಿ" ಎಂದಿದ್ದಳು ಹನ್ಮಿ.
ಮೊಂಡಿ ಬಲೆಗುಂಟ ಸಿಪಾಯಿಯ ಹಾಗೆ ನಡೆದಳು.
ಈಚೆ ಚೆಲ್ಲಿದ ನುಚ್ಚು
ಅವಳಿಗೆ ಹೆಚ್ಚು ಬೆಳ್ಳಗೆ ಕಂಡಿರಬೇಕು.

ಒಂಬತ್ತನೆಯ ರಾತ್ರಿಯ ಕೆಲಸ ಕತ್ತಲಲ್ಲಿ.
"ದೀಪ ಹಚ್ಬೇಡ. ಗೂಡಲ್ಲಿ ಅವುಗಳ ಮಧ್ಯ ಮಧ್ಯ ಕೂರ್ಸು.
ಕೋಳಿಗೆ ಲೆಕ್ಕ ಮಾಡುಕೆ ಬರೂದಿಲ್ಲ ತಂಗಿ,
ಬೆಳಗಾದ್ರೆ ಮೊದ್ಲಿಂದ ಇಷ್ಟೇ ಇದ್ವು ಅಂದ್ಕಳ್ತವು."

ಇದೇ ಹನ್ಮಿ, ಇಪ್ಪತ್ತು ವರ್ಷದ ಹಿಂದೆ,
ಊರ ಬಾವಿಕಟ್ಟೆಯಲ್ಲಿ ನನ್ನ ಕೊಡವನ್ನು
ಕಾಲಿನಿಂದ ಸರಿಸಿದವಳು.
ನಮ್ಮನ್ನು ಲಾರಿಯಿಂದ ಇಳಿಸಿದ್ದು ಮಟಮಟ ಮಧ್ಯಾಹ್ನ.
ಪಾತ್ರೆ, ಹಾಸಿಗೆ, ದೇವರ ಪೆಟ್ಟಿಗೆ, ದೋಣಿಯ ಹುಟ್ಟು.
ಹುಟ್ಟು ಯಾಕೆ ತಂದಿರಿ, ಇಲ್ಲಿ ನೀರೆಲ್ಲಿ,
ಯಾರೋ ನಕ್ಕಿದ್ದರು.
ಎಲ್ಲರಿಗೂ ಲೆಕ್ಕ ಬರುತ್ತಿತ್ತು.

ಅದನ್ನೆಲ್ಲ ನೆನಪಿಸಲಿಲ್ಲ.
ಒಂದು ಮರಿಯನ್ನು ಅವಳ ಕೈಗಿಟ್ಟೆ.
ಅವಳು ಇನ್ನೊಂದು ಕೈಯನ್ನೂ ಚಾಚಿದಳು.

ಕತ್ತಲಲ್ಲಿ ಕೋಳಿಯ ಮೈ ಎಷ್ಟು ಬಿಸಿ!
ಪಕ್ಕೆಗೆ ತೂರಿಸಿದಾಗ ಮೊಂಡಿ
ಗಂಟಲಲ್ಲೇ ಒಮ್ಮೆ ಗೊಣಗಿದಳು,
ಅಷ್ಟೆ.

ಕೋಳಿಗೆ ಲೆಕ್ಕ ಬರುತ್ತದೆಂದು ಬೆಳಿಗ್ಗೆ ಗೊತ್ತಾಯಿತು.
ಇಳಿದದ್ದೇ ತಡ ಎರಡರ ನೆತ್ತಿಗೆ ಕುಕ್ಕು,
ಸಣ್ಣದೊಂದರ ಕತ್ತಿನ ಗರಿ ನನ್ನ ಅಂಗೈಯಲ್ಲಿ.
ಅರಿಶಿನ ಎಣ್ಣೆ ಹಚ್ಚಿದೆ.
ತಟ್ಟೆ ಎರಡು ಮಾಡಿದೆ, ಆಮೇಲೆ ಮೂರು.
"ಹೆಂಗಿದ್ವೇ?" ಬೇಲಿಯಾಚೆಯಿಂದ ಹನ್ಮಿ.
"ನಿನ್ನ ಹಾಗೇ" ಎಂದೆ.
ಕೊರಳ ಮಣಿಸರವೆಲ್ಲ ಅಲುಗುವಂತೆ ನಕ್ಕಳು,
ಆಮೇಲೆ ಬಹಳ ಹೊತ್ತು
ಬೇಲಿಯ ಒಂದೇ ಗೂಟವನ್ನು ಸರಿ ಮಾಡುತ್ತಿದ್ದಳು.

ಬಲೆ ಸುತ್ತಿ ಅಟ್ಟಕ್ಕೆ ಹಾಕಿ ಹದಿನೈದು ದಿನ.
ನುಗ್ಗೆಯ ಬುಡದಲ್ಲಿ ಹತ್ತು ಮರಿ
ಮೊಂಡಿಯ ಜೊತೆ ಕೆದರುತ್ತವೆ.
ಜೊತೆಯಲ್ಲ, ಎರಡು ಮಾರು ಹಿಂದೆ.
ಹನ್ನೊಂದನೆಯದು ಅಂಗಳದ ನಡುವಿನವರೆಗೆ ಓಡಿಬಂದು
ಗಕ್ಕನೆ ನಿಲ್ಲುತ್ತದೆ,
ಬಲೆ ಇದ್ದ ಗೆರೆಯಲ್ಲಿ.

ಗೆರೆಯ ಮೇಲೇ ಕಾಳು ಚೆಲ್ಲುತ್ತೇನೆ,
ಅರ್ಧ ಆಚೆ, ಅರ್ಧ ಈಚೆ.